ಲೋಪಾಮುದ್ರಾ: ಒಂದು ಹೆಸರು, ಅದಕ್ಕೆ ಅಂಟಿದ ಅಪವಾದಗಳು

ಕನ್ನಡದ ಮನೆಗಳಲ್ಲಿ ಕಾವೇರಿಯರಿಗೆ ಬರವಿಲ್ಲ. ಲೋಪಾಮುದ್ರಾ ಮಾತ್ರ ಸಿಗುವುದೇ ಅಪರೂಪ. ಹಾಗಂತ ಹೆಸರು ಅಪರಿಚಿತವೇನಲ್ಲ. ಲಲಿತಾ ಸಹಸ್ರನಾಮ ಓದುವ ಮನೆಯಲ್ಲಿ ಶುಕ್ರವಾರ ಶುಕ್ರವಾರವೂ ಅದು ಕಿವಿಗೆ ಬೀಳುತ್ತದೆ. ಲೋಪಾಮುದ್ರೆಯಿಂದ ಪೂಜೆಗೊಂಡವಳು ಎಂಬುದು ದೇವಿಯ ಸಾವಿರ ಹೆಸರುಗಳಲ್ಲೊಂದು. ಆದರೆ ಹುಟ್ಟಿದ ಮಗುವಿಗೆ ಅದನ್ನೇ ಇಡೋಣ ಎಂದು ಯಾರಾದರೂ ಬಾಯಿ ತೆರೆದರೆ ಸಾಕು, ಸೋದರತ್ತೆಯೋ ದೊಡ್ಡಪ್ಪನೋ ತಡೆಯುತ್ತಾರೆ. ತಡೆಯುವವರ ಕಾಳಜಿ ನಿಜ, ಅವರು ಕೊಡುವ ಕಾರಣಗಳು ಹೆಚ್ಚಿನವು ನಿಜವಲ್ಲ. ಇಷ್ಟು ಹಳೆಯ, ಇಷ್ಟು ಗಟ್ಟಿ ಹೆಸರೊಂದು ತಪ್ಪು ತಿಳಿವಳಿಕೆಯಿಂದ ಮೂಲೆಗೆ ಸರಿಯಬಾರದು ಎಂಬ ಆಸೆಯಿಂದ ಇದನ್ನು ಬರೆಯುತ್ತಿದ್ದೇನೆ.

“ಹೆಸರಲ್ಲೇ ಲೋಪ ಇದೆಯಲ್ಲ!”

ಮೊದಲು ಬರುವ ಆಕ್ಷೇಪ ಇದೇ. ಕರ್ತವ್ಯಲೋಪ, ಲೋಪದೋಷ, ಭದ್ರತಾ ಲೋಪ ಎಂದು ದಿನಾ ಪತ್ರಿಕೆಯಲ್ಲಿ ಓದುವವರಿಗೆ ಲೋಪ ಎಂದರೆ ತಪ್ಪು, ಕುಂದು. ಹೆಣ್ಣುಮಗುವಿನ ಹೆಸರು ಕುಂದಿನಿಂದಲೇ ಶುರುವಾಗಬೇಕೆ ಎಂದು ಅವರು ಕೇಳುವುದು ಸಹಜ. ಆದರೆ ಇದೇ ಪದವನ್ನು ನಾವೆಲ್ಲ ಶಾಲೆಯಲ್ಲಿ ಬೇರೆ ಅರ್ಥದಲ್ಲಿ ಕಲಿತಿದ್ದೇವೆ. ಊರು ಮತ್ತು ಅಲ್ಲಿ ಸೇರಿ ಊರಲ್ಲಿ ಆದಾಗ ನಡುವಿನ ಉಕಾರ ಮರೆಯಾಗುತ್ತದೆ, ಅದು ಲೋಪಸಂಧಿ. ಅಲ್ಲಿ ಯಾರೂ ತಪ್ಪು ಮಾಡಿಲ್ಲ, ಒಂದು ಸ್ವರ ಕಣ್ಮರೆಯಾಗಿದೆ ಅಷ್ಟೆ. ಪಾಣಿನಿ ಲೋಪವನ್ನು ವ್ಯಾಖ್ಯಾನಿಸಿದ್ದೂ ಹೀಗೆಯೇ, ಕಾಣದಿರುವುದು ಎಂದು. ಕುಂದು ಎಂಬ ಅರ್ಥ ಬಳಕೆಯಲ್ಲಿ ಆಮೇಲೆ ಮುಂದೆ ಬಂದದ್ದು.

ಹೆಸರನ್ನು ‘ಲೋಪ’ ಮತ್ತು ‘ಮುದ್ರೆ’ ಎಂದು ಕತ್ತರಿಸಿ ಎರಡು ತುಂಡಿನ ಅರ್ಥ ಕೂಡಿಸುವುದೂ ಅಷ್ಟು ಸುರಕ್ಷಿತವಲ್ಲ. ಋಗ್ವೇದದಲ್ಲಿ ಈ ಹೆಸರು ಬರುವಾಗ ನಡುವಿನ ಅಕ್ಷರ ದೀರ್ಘ: ಲೋಪಾಮುದ್ರಾ. ಹಳೆಯ ಹೆಸರುಗಳಲ್ಲಿ ಇಂಥ ದೀರ್ಘ ನೋಡಿ ಅವಸರದಿಂದ ಬಿಡಿಸಿದರೆ ಏನಾಗುತ್ತದೆ ಎಂಬುದಕ್ಕೆ ವಿಶ್ವಾಮಿತ್ರನೇ ಸಾಕ್ಷಿ. ವಿಶ್ವ ಮತ್ತು ಅಮಿತ್ರ ಎಂದು ಬಿಡಿಸಿದರೆ ಆತ ಜಗತ್ತಿನ ಶತ್ರುವಾಗುತ್ತಾನೆ. ಋಷಿಯ ಹೆಸರಾದಾಗ ಮಿತ್ರ ಪದದ ಹಿಂದೆ ಸ್ವರ ದೀರ್ಘವಾಗುತ್ತದೆ ಎಂದು ಪಾಣಿನಿ ಅದಕ್ಕಾಗಿಯೇ ಒಂದು ಸೂತ್ರ ಬರೆಯಬೇಕಾಯಿತು. ವಿಶ್ವಾಮಿತ್ರ ಲೋಕದ ಮಿತ್ರನೇ.

ಲೋಪಾಮುದ್ರಾ ಎಂಬುದಕ್ಕೆ ಎಲ್ಲ ವಿದ್ವಾಂಸರೂ ಒಪ್ಪುವ ಒಂದೇ ವ್ಯುತ್ಪತ್ತಿ ಇಲ್ಲ. ಸಂಪ್ರದಾಯದ ಕೋಶಗಳು ಹೇಳುವ ವಿವರಣೆ, ಇವಳೆದುರು ಉಳಿದ ಹೆಂಗಸರ ರೂಪದ ಹೆಮ್ಮೆ ಕಾಣದಾಯಿತು ಎಂದು. ಅಲ್ಲಿಯೂ ಲೋಪ ಅವಳದಲ್ಲ, ನೋಡಿದವರ ಗರ್ವದ್ದು.

“ಜಿಂಕೆಯ ಕಣ್ಣು, ಹಂಸದ ನಡೆ ಕಿತ್ತುಕೊಂಡು ಮಾಡಿದ ಹೆಣ್ಣು, ಅವಕ್ಕೆ ನಷ್ಟವಾಯಿತು, ಅದಕ್ಕೇ ಈ ಹೆಸರು”

ಮಹಾಭಾರತದ ವನಪರ್ವದಲ್ಲಿ ಇರುವುದು ಇಷ್ಟೇ. ಅಗಸ್ತ್ಯರು ತಮ್ಮ ಪಿತೃಗಳು ಹೊಂಡವೊಂದರಲ್ಲಿ ತಲೆಕೆಳಗಾಗಿ ತೂಗುತ್ತಿರುವುದನ್ನು ಕಾಣುತ್ತಾರೆ. ಸಂತಾನ ಬೇಕು, ತಕ್ಕ ಹೆಣ್ಣು ಸಿಗುತ್ತಿಲ್ಲ. ಆಗ ಬೇರೆ ಬೇರೆ ಜೀವಿಗಳ ಶ್ರೇಷ್ಠ ಅಂಗಗಳ ಅಂಶ ಕೂಡಿಸಿ ಒಬ್ಬಳನ್ನು ರೂಪಿಸಿ, ಮಕ್ಕಳಿಗಾಗಿ ತಪಸ್ಸು ಮಾಡುತ್ತಿದ್ದ ವಿದರ್ಭದ ರಾಜನ ಮನೆಯಲ್ಲಿ ಹುಟ್ಟುವಂತೆ ಮಾಡುತ್ತಾರೆ. ಜಿಂಕೆ, ಹಂಸಗಳ ಪಟ್ಟಿ ಅಲ್ಲಿಲ್ಲ. ಯಾವ ಪ್ರಾಣಿಯೂ ಏನನ್ನೂ ಕಳೆದುಕೊಂಡ ಮಾತಿಲ್ಲ. ಮಗುವಿಗೆ ಬ್ರಾಹ್ಮಣರು ಲೋಪಾಮುದ್ರಾ ಎಂದು ಹೆಸರಿಟ್ಟರು ಎಂದಿದೆ, ಏಕೆ ಇಟ್ಟರು ಎಂದಿಲ್ಲ. ಉಳಿದದ್ದೆಲ್ಲ ಕಥೆ ಹೇಳುವವರು ಮುಂದೆ ಕೂಡಿಸಿದ್ದು.

“ಅಗಸ್ತ್ಯರ ಹೆಂಡತಿ, ಅಷ್ಟೇ ತಾನೆ?”

ನನಗೆ ಅತ್ಯಂತ ನೋವಾಗುವುದು ಈ ಮಾತಿಗೆ. ಋಗ್ವೇದದ ಮೊದಲ ಮಂಡಲದ 179ನೇ ಸೂಕ್ತದಲ್ಲಿ ಆರು ಮಂತ್ರಗಳಿವೆ. ಸಂಪ್ರದಾಯದ ಪ್ರಕಾರ ಮೊದಲೆರಡರ ಋಷಿ ಲೋಪಾಮುದ್ರೆ. ಆ ಮಂಡಲದ 165ರಿಂದ 191ರವರೆಗಿನ ಸೂಕ್ತಗಳೆಲ್ಲ ಅಗಸ್ತ್ಯರವು. ಅವುಗಳ ನಡುವೆ ಅವಳು ತನ್ನದೇ ದನಿಯಲ್ಲಿ ಮಾತಾಡುತ್ತಾಳೆ. ಘೋಷೆ, ಅಪಾಲೆ, ವಿಶ್ವವಾರೆಯರಂತೆ ಇವಳೂ ಮಂತ್ರದ್ರಷ್ಟಾರೆ.

ಅವಳು ಹೇಳುವುದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ವರ್ಷವರ್ಷಗಳಿಂದ ಹಗಲು ರಾತ್ರಿ ದುಡಿದು ದಣಿದಿದ್ದೇನೆ. ಒಂದೊಂದು ಬೆಳಗೂ ವಯಸ್ಸನ್ನು ತರುತ್ತಿದೆ, ಮುಪ್ಪು ಮೈಯ ಕಾಂತಿಯನ್ನು ಕರಗಿಸುತ್ತಿದೆ. ಹಿಂದೆ ಸತ್ಯವನ್ನೇ ನಡೆದವರು, ದೇವತೆಗಳೊಡನೆ ಮಾತಾಡಿದವರು ಕೂಡ ಸಂಸಾರ ಬಿಡಲಿಲ್ಲ. ಗಂಡ ಹೆಂಡತಿ ಒಂದಾಗಲಿ. ತಪಸ್ಸೇ ಸರ್ವಸ್ವ ಎಂದು ಕೂತ ಗಂಡನೆದುರು ನಿಂತು, ನನ್ನ ಆಯಸ್ಸೂ ಲೆಕ್ಕಕ್ಕೆ ಬರಬೇಕು ಎನ್ನುವ ಮಾತು ಇದು. ಅಗಸ್ತ್ಯರು ಸಿಡುಕುವುದಿಲ್ಲ. ಪಟ್ಟ ಶ್ರಮ ವ್ಯರ್ಥವಲ್ಲ, ಜೋಡಿಯಾಗಿ ಗೆಲ್ಲೋಣ ಎಂದು ಉತ್ತರಿಸುತ್ತಾರೆ. ಕೊನೆಯ ಮಂತ್ರದಲ್ಲಿ ಗುದ್ದಲಿ ಹಿಡಿದು ಅಗೆಯುವ ಅಗಸ್ತ್ಯರ ಚಿತ್ರವಿದೆ: ತಪಸ್ಸು, ಸಂತಾನ ಎರಡನ್ನೂ ಬಯಸಿ ಎರಡನ್ನೂ ಪಡೆದ ಋಷಿ.

ದಾಂಪತ್ಯದ ಬಯಕೆಯನ್ನು ಬಾಯಿಬಿಟ್ಟು ಹೇಳಿದವಳ ಹೆಸರು ಎಂದು ಮುಜುಗರಪಡುವವರೂ ಇದ್ದಾರೆ. ಅವರಿಗೆ ನನ್ನ ಬಿನ್ನಹವಿಷ್ಟೆ: ಸೂಕ್ತವನ್ನು ಒಮ್ಮೆ ಓದಿ. ವಿಜಯನಗರದ ಸಾಯಣಾಚಾರ್ಯರು ಅದಕ್ಕೆ ಭಾಷ್ಯ ಬರೆದರು. ಮೈಸೂರು ಅರಮನೆಯ ಆಶ್ರಯದಲ್ಲಿ ಪ್ರಕಟವಾದ ಜಯಚಾಮರಾಜೇಂದ್ರ ವೇದರತ್ನಮಾಲೆ ಋಗ್ವೇದವನ್ನು ಕನ್ನಡಕ್ಕೆ ತಂದಿತು. ಅವರಾರೂ ನಾಚಲಿಲ್ಲ.

ಮಹಾಭಾರತದ ಲೋಪಾಮುದ್ರೆಯೂ ಬಾಯಿಲ್ಲದವಳಲ್ಲ. ಮಗಳನ್ನು ಕಾಡಿಗೆ ಕೊಡಲು ತಂದೆ ತೊಳಲಾಡುವಾಗ, ನನ್ನನ್ನು ಕೊಟ್ಟುಬಿಡಿ ಎಂದು ತೀರ್ಮಾನ ಹೇಳುವವಳು ಅವಳೇ. ಒಡವೆ ರೇಷ್ಮೆ ಕಳಚಿ ನಾರುಬಟ್ಟೆ ಉಡುತ್ತಾಳೆ, ಗಂಗಾದ್ವಾರದಲ್ಲಿ ಗಂಡನ ಜತೆ ತಪಸ್ಸು ಮಾಡುತ್ತಾಳೆ. ಆಮೇಲೆ ಅಗಸ್ತ್ಯರು ಸಂತಾನಕ್ಕಾಗಿ ಕರೆದಾಗ, ನನ್ನ ತಂದೆಯ ಅರಮನೆಯಲ್ಲಿದ್ದಂಥ ಹಾಸಿಗೆ, ಒಡವೆ ಬೇಕು ಎಂದು ಕೈಮುಗಿದೇ ಷರತ್ತು ಹಾಕುತ್ತಾಳೆ. ನಿಮ್ಮ ತಪಸ್ಸು ಇದಕ್ಕಾಗಿ ಖರ್ಚಾಗಬಾರದು ಎಂಬ ಎಚ್ಚರವೂ ಅವಳಿಗಿದೆ. ಅಗಸ್ತ್ಯರು ಮೂವರು ರಾಜರ ಬಳಿ ಹೋಗುತ್ತಾರೆ. ಮೂವರದೂ ಆಯ ವ್ಯಯ ಸಮ. ಪ್ರಜೆಗಳಿಗೆ ಹೊರೆಯಾಗುವುದನ್ನು ತೆಗೆದುಕೊಳ್ಳಲು ಅಗಸ್ತ್ಯರು ಒಪ್ಪುವುದಿಲ್ಲ. ಕೊನೆಗೆ ಹೋಗುವುದು ರಾಕ್ಷಸ ಇಲ್ವಲನ ಮನೆಗೆ. ಅಲ್ಲಿ ಅವನ ತಮ್ಮ ವಾತಾಪಿಯನ್ನು ಅಗಸ್ತ್ಯರು ಉಂಡು ಜೀರ್ಣಿಸಿಕೊಂಡದ್ದು ನಮ್ಮ ಅಜ್ಜಿಯರಿಗೆಲ್ಲ ಬಾಯಿಪಾಠ. ಊಟವಾದ ಮಗುವಿನ ಹೊಟ್ಟೆ ನೀವಿ “ವಾತಾಪಿ ಜೀರ್ಣೋಭವ” ಎನ್ನುವುದು ಅದೇ ಕಥೆಯಿಂದ. ಚಾಲುಕ್ಯರ ರಾಜಧಾನಿ ವಾತಾಪಿ, ಇಂದಿನ ಬಾದಾಮಿ, ಆ ರಾಕ್ಷಸನ ಊರೆಂದು ಅಲ್ಲಿಯ ಐತಿಹ್ಯ. ಗುಹೆಗಳ ಕೆಳಗಿನ ಕೆರೆಗೆ ಅಗಸ್ತ್ಯತೀರ್ಥ ಎಂದೇ ಹೆಸರು. ವಾತಾಪಿ ಎಲ್ಲರಿಗೂ ಗೊತ್ತು. ಅಗಸ್ತ್ಯರು ಅಲ್ಲಿಗೆ ಹೋಗಿದ್ದು ಯಾರ ಮಾತಿಗೆ ಎಂಬುದನ್ನು ಹೇಳುವವರು ಕಡಿಮೆ.

ಸಾವಿರ ಮಕ್ಕಳು ಬೇಕೋ, ಸಾವಿರ ಮಂದಿಯನ್ನು ಮೀರಿಸುವ ಒಬ್ಬ ಸಾಕೋ ಎಂದು ಅಗಸ್ತ್ಯರು ಕೇಳಿದಾಗ ಅವಳು ಒಬ್ಬನನ್ನೇ ಆರಿಸಿಕೊಳ್ಳುತ್ತಾಳೆ.

ಶ್ರೀವಿದ್ಯೆಯ ಪರಂಪರೆಯಲ್ಲಿ ಅವಳ ಸ್ಥಾನ ಇನ್ನೂ ಎತ್ತರದ್ದು. ಅಲ್ಲಿಯ ಹಾದಿವಿದ್ಯೆಗೆ ಅವಳೇ ಋಷಿ, ಆ ಮಂತ್ರವನ್ನು ಲೋಪಾಮುದ್ರಾ ವಿದ್ಯೆ ಎಂದೇ ಕರೆಯುತ್ತಾರೆ. ಲಲಿತಾ ತ್ರಿಶತಿಯ ಪೀಠಿಕೆಯಲ್ಲಿ ದೇವಿಯೇ ಹಯಗ್ರೀವರಿಗೆ, ಅಗಸ್ತ್ಯರ ಪತ್ನಿ ನನ್ನನ್ನು ಅತಿಭಕ್ತಿಯಿಂದ ಉಪಾಸಿಸುತ್ತಾಳೆ, ಆದ್ದರಿಂದ ಅಗಸ್ತ್ಯರಿಗೆ ಉಪದೇಶಿಸು ಎನ್ನುತ್ತಾಳೆ. ಗಂಡನ ಅರ್ಹತೆಗೆ ಹೆಂಡತಿಯ ಉಪಾಸನೆಯೂ ಒಂದು ಕಾರಣ.

“ಲೋಪಾಮುದ್ರೆ ಎಂದರೆ ಕಾವೇರಿಯೇ, ಬೇರೆ ಯಾರೂ ಅಲ್ಲ”

ಕೊಡಗಿನವರಿಗೆ ಇದು ಸತ್ಯ, ಅದನ್ನು ಅಲ್ಲಗಳೆಯುವ ಇಚ್ಛೆ ನನಗಿಲ್ಲ. ಬ್ರಹ್ಮನ ಮಗಳು ಲೋಪಾಮುದ್ರೆ ಬ್ರಹ್ಮಗಿರಿಯಲ್ಲಿ ಕವೇರ ಮುನಿಯ ಸಾಕುಮಗಳಾಗಿ ಬೆಳೆದು ಕಾವೇರಿಯಾದಳು, ಅಗಸ್ತ್ಯರ ಕೈಹಿಡಿದಳು, ತನ್ನನ್ನು ಒಂಟಿಯಾಗಿ ಬಿಟ್ಟು ಹೋಗಬಾರದೆಂಬ ಮಾತು ಮುರಿದಾಗ ನದಿಯಾಗಿ ಹರಿದಳು ಎಂದು ಕಾವೇರಿ ಮಾಹಾತ್ಮ್ಯ ಹೇಳುತ್ತದೆ. ಬಲಮುರಿಯಲ್ಲಿ ಕೊಡವರು ಅವಳನ್ನು ತಡೆಯಲು ಹೋದಾಗ ನೀರಿನ ರಭಸಕ್ಕೆ ಹೆಂಗಸರ ಸೀರೆಯ ನೆರಿಗೆ ಹಿಂದಕ್ಕೆ ತಿರುಗಿತಂತೆ. ಕೊಡವ ಹೆಣ್ಣುಮಕ್ಕಳು ಇಂದಿಗೂ ನೆರಿಗೆಯನ್ನು ಹಿಂದೆ ಉಡುತ್ತಾರೆ. ಅಕ್ಟೋಬರ್ ಮಧ್ಯದ ತುಲಾ ಸಂಕ್ರಮಣಕ್ಕೆ ತಲಕಾವೇರಿಯಲ್ಲಿ ತೀರ್ಥೋದ್ಭವ. ಆಮೇಲೆ ಮನೆಮನೆಯಲ್ಲಿ ಕಣಿಪೂಜೆ: ಸೌತೆಕಾಯಿಗೋ ತೆಂಗಿನಕಾಯಿಗೋ ಕೆಂಪು ರೇಷ್ಮೆ ಸುತ್ತಿ, ಒಡವೆ ತೊಡಿಸಿ, ಕಾವೇರಮ್ಮೆ ಎಂದು ಕೈಮುಗಿಯುತ್ತಾರೆ.

ತಪ್ಪಾಗುವುದು ‘ಬೇರೆ ಯಾರೂ ಅಲ್ಲ’ ಎನ್ನುವಲ್ಲಿ. ಋಗ್ವೇದದ ಲೋಪಾಮುದ್ರೆಗೆ ನದಿಯ ಸುಳಿವಿಲ್ಲ, ಮಹಾಭಾರತದವಳು ವಿದರ್ಭದ ರಾಜಕುಮಾರಿ. ಕಾವೇರಿಯ ಕಥೆ ಇವರಿಬ್ಬರ ನಂತರದ್ದು. ಆ ಕಥೆಯ ಒಂದು ಪಾಠದಲ್ಲಂತೂ ಅವಳು ಎರಡಾಗುತ್ತಾಳೆ: ಒಂದಂಶ ನದಿ, ಇನ್ನೊಂದಂಶ ಪತ್ನಿ ಲೋಪಾಮುದ್ರೆ. ಹೀಗಾಗಿ ಮನೆಯಲ್ಲಿ ಒಬ್ಬಳು ಕಾವೇರಿ ಇದ್ದಾಳೆಂದು ಈ ಹೆಸರು ಬಿಡಬೇಕಾಗಿಲ್ಲ.

“ಅದು ಬಂಗಾಳಿಗಳ ಹೆಸರು”

ಬಂಗಾಳ, ಒಡಿಶಾಗಳಲ್ಲಿ ಹೆಚ್ಚು ಕೇಳಿಬರುತ್ತದೆ, ನಿಜ. ಗಾಯಕಿ ಲೋಪಾಮುದ್ರಾ ಮಿತ್ರ ಅವರಿಂದ ದೇಶಕ್ಕೆಲ್ಲ ಪರಿಚಿತವೂ ಆಗಿದೆ. ಬಂಗಾಳಿಗಳಿಗೆ ಮನೆಯಲ್ಲಿ ಕರೆಯಲು ಒಂದು ಪುಟ್ಟ ಹೆಸರು, ಊರಿಗೆ ಒಂದು ದೊಡ್ಡ ಹೆಸರು ಇಡುವ ರೂಢಿಯಿದೆ. ಉದ್ದದ ಸಂಸ್ಕೃತ ಹೆಸರಿಗೆ ಅವರು ಹಿಂಜರಿಯದಿರಲು ಅದೂ ಕಾರಣವಿರಬೇಕು. ಆದರೆ ಹೆಸರಿನ ಬೇರು ವಿದರ್ಭದಲ್ಲೂ ಬ್ರಹ್ಮಗಿರಿಯಲ್ಲೂ ಇದೆ. ನಮಗದು ಹೊರಗಿನದಲ್ಲ.

“ಶಾಸ್ತ್ರಕ್ಕೆ ಹೊಂದುವುದಿಲ್ಲ”

ಯಾವ ಶಾಸ್ತ್ರ ಎಂದು ಕೇಳಬೇಕು. ನಕ್ಷತ್ರದ ಅಕ್ಷರ ನೋಡುವವರಿಗೆ ‘ಲೋ’ ಭರಣಿಯ ನಾಲ್ಕನೇ ಪಾದ. ಭರಣಿಯಲ್ಲಿ ಹುಟ್ಟದ ಮಗುವಿಗೆ ಇಡಬಾರದೆಂದೇನೂ ಇಲ್ಲ. ನಾಮಕರಣದಲ್ಲಿ ತಟ್ಟೆಯ ಅಕ್ಕಿಯ ಮೇಲೆ ಚಿನ್ನದುಂಗುರದಿಂದ ಬರೆಯುವುದು ಒಂದೇ ಹೆಸರಲ್ಲ. ನಕ್ಷತ್ರನಾಮ, ಮಾಸನಾಮ, ವ್ಯಾವಹಾರಿಕ ನಾಮ ಎಂದು ಬೇರೆ ಬೇರೆ. ಕರೆಯುವ ಹೆಸರು ತಂದೆತಾಯಿಯ ಆಯ್ಕೆ.

ಪಾರಸ್ಕರ ಗೃಹ್ಯಸೂತ್ರ ಹೆಣ್ಣಿನ ಹೆಸರು ಆಕಾರದಲ್ಲಿ ಮುಗಿಯಬೇಕು, ಅಕ್ಷರ ಬೆಸವಾಗಿರಬೇಕು ಎನ್ನುತ್ತದೆ. ಮೊದಲನೆಯದು ಈ ಹೆಸರಿಗೆ ಸರಿಹೊಂದುತ್ತದೆ, ಎರಡನೆಯದು ಇಲ್ಲ, ನಾಲ್ಕು ಅಕ್ಷರ. ಆದರೆ ಅರುಂಧತಿ, ಅನಸೂಯಾ, ದಮಯಂತಿ ಎಲ್ಲವೂ ನಾಲ್ಕೇ, ಸೀತಾ ಎರಡು. ಮನುಸ್ಮೃತಿಯಂತೂ ನದಿಯ ಹೆಸರಿನ ಹೆಣ್ಣನ್ನು ಮದುವೆಯಾಗಬಾರದು ಎನ್ನುತ್ತದೆ. ಗಂಗಾ, ಯಮುನಾ, ತುಂಗಾ, ಶರಾವತಿಯರನ್ನು ನಾವು ಬಿಟ್ಟೆವೆ?

“ಅರ್ಥ: ವಿದುಷಿ”

ಹೆಸರಿನ ಪುಸ್ತಕಗಳಲ್ಲಿ ಹೀಗೆ ಅಚ್ಚಾಗಿರುತ್ತದೆ. ಅವಳು ವಿದುಷಿಯಾಗಿದ್ದಳು, ಪದಕ್ಕೆ ಆ ಅರ್ಥವಿಲ್ಲ. ಮಗಳು ಕೇಳಿದಾಗ ಒಂದು ಪದದ ಉತ್ತರಕ್ಕಿಂತ ಸೂಕ್ತದ ಕಥೆ ಹೇಳುವುದು ಮೇಲು.

ಈ ಹೆಸರು ಇಡಬೇಕೆಂದಿರುವವರಿಗೆ ಒಂದು ಕಿವಿಮಾತು. ಕನ್ನಡದಲ್ಲಿ ಲೋಪಾಮುದ್ರಾ, ಲೋಪಾಮುದ್ರೆ ಎರಡೂ ಸರಿ, ರಾಧಾ ರಾಧೆಯ ಹಾಗೆ. ‘ಪಾ’ ಮಾತ್ರ ದೀರ್ಘವಾಗಿಯೇ ಇರಲಿ. ಇಂಗ್ಲಿಷ್ ಅಕ್ಷರದಲ್ಲಿ ಆ ದೀರ್ಘ ಕಾಣುವುದಿಲ್ಲ, ಅದನ್ನು ನೋಡಿ ಕನ್ನಡಕ್ಕೆ ಬರೆಯುವವರು ‘ಲೋಪಮುದ್ರಾ’ ಮಾಡಿಬಿಡುತ್ತಾರೆ. ಜನನ ನೋಂದಣಿಯಾದ 12 ತಿಂಗಳೊಳಗೆ ಮಗುವಿನ ಹೆಸರನ್ನು ಶುಲ್ಕವಿಲ್ಲದೆ ಸೇರಿಸಬಹುದು. ಆ ಅರ್ಜಿಯಲ್ಲಿ ಕನ್ನಡದ ಹೆಸರನ್ನು ನೀವೇ ಬರೆದು ಕೊಡಿ, ಪ್ರಮಾಣಪತ್ರ ಕೈಗೆ ಬಂದಾಗ ಎರಡನೆಯ ಅಕ್ಷರವನ್ನು ಮೊದಲು ನೋಡಿ.