ಹೊರೋರು ಯಾರು? ದೂರದ ದಾರಿಗೆ ಹಗುರ ಚೀಲದ ಲೆಕ್ಕ

ಜನವರಿ ಮುಗಿಯುತ್ತಾ ಬಂದ ಹಾಗೆ ಕಲಘಟಗಿ ಸುತ್ತಮುತ್ತಲಿನ ಊರುಗಳಲ್ಲಿ ಒಂದು ಪ್ರಶ್ನೆ ಓಡಾಡೋಕೆ ಶುರುವಾಗುತ್ತೆ: "ಈ ಸಲ ಉಳವಿಗೆ ಯಾರ್ಯಾರು ಹೊಂಟೀರಿ?" ಅದೇ ಹೊತ್ತಿಗೆ ನಮ್ಮ ಹಾಸ್ಟೆಲಿನಲ್ಲೂ ಈ ಪ್ರಶ್ನೆ ಏಳುತ್ತೆ. ಇಂಟರ್ನಲ್ಸ್ ಅಡ್ಡ ಬರದಿದ್ದರೆ ನಾವೂ ನಡೆಯಬೇಕು ಅನ್ನೋರು ಪ್ರತಿ ವರ್ಷ ಇದ್ದೇ ಇರ್ತಾರೆ. ಆಮೇಲೆ ಬರೋದು ಎರಡನೇ ಪ್ರಶ್ನೆ: ಚೀಲದಲ್ಲಿ ಏನು ಹಾಕ್ಕೋಬೇಕು? ಈ ಲೇಖನ ಅದರ ಬಗ್ಗೆ. ಮೆಕ್ಯಾನಿಕ್ಸ್ ಪಾಠದಲ್ಲಿ ಕಲಿತದ್ದು ಇಲ್ಲಿ ಉಪಯೋಗಕ್ಕೆ ಬರುತ್ತೆ, ಹೆದರಬೇಡಿ, ಪರೀಕ್ಷೆ ಇಲ್ಲ.

ನಮ್ಮ ಭಾಗದವರಿಗೆ ದೊಡ್ಡ ಪಯಣಗಳು ಎರಡು. ಒಂದು, ಭಾರತ ಹುಣ್ಣಿಮೆ ಸಮಯದ ಉಳವಿ ಜಾತ್ರೆ. ಉತ್ತರ ಕನ್ನಡದ ಜೊಯಿಡಾ ತಾಲೂಕಿನ ಈ ಕಾಡಿನ ಊರಲ್ಲಿ ಚನ್ನಬಸವಣ್ಣನವರ ಸಮಾಧಿ ಇದೆ. 12ನೇ ಶತಮಾನದಲ್ಲಿ ಕಲ್ಯಾಣದಲ್ಲಿ ಗಲಭೆಯಾದಾಗ ಶರಣರು ಇಲ್ಲಿಗೆ ಬಂದು ಸೇರಿದರು ಅಂತ ನಂಬಿಕೆ. ಕಲಘಟಗಿಯಿಂದ ಹಳಿಯಾಳ, ದಾಂಡೇಲಿ ಮೇಲೆ ಹೋದರೆ ನೂರು ಕಿ.ಮೀ. ಆಸುಪಾಸು. ಜನ ಇವತ್ತಿಗೂ ಚಕ್ಕಡಿ ಕಟ್ಟಿಕೊಂಡು ಹೋಗ್ತಾರೆ. ಇನ್ನೊಂದು, ಯುಗಾದಿಗೆ ಶ್ರೀಶೈಲ ಮಲ್ಲಯ್ಯನ ಪಾದಯಾತ್ರೆ. ಆ ದಾರಿ ನಾನೂರು ಕಿ.ಮೀ. ದಾಟುತ್ತೆ, ಕೊನೆಗೆ ನಲ್ಲಮಲ ಕಾಡು ಹಾಯಬೇಕು.

ಎರಡಕ್ಕೂ ಹಗುರವಾಗಿ ಹೊರಡಬೇಕು ನಿಜ. ಆದರೆ "ಹಗುರ" ಅನ್ನೋ ಮಾತಿಗೆ ಎರಡೂ ಕಡೆ ಅರ್ಥ ಒಂದೇ ಅಲ್ಲ. ಯಾಕಂದ್ರೆ ಹೊರೋರು ಬೇರೆ.

ಎತ್ತು ಎಳೆಯುವಾಗ

ಚಕ್ಕಡಿ ಇದೆಯಲ್ಲಾ ಅಂತ ಹಾಸಿಗೆ, ಪಾತ್ರೆ, ಹಿಟ್ಟಿನ ಚೀಲ, ಎತ್ತುಗಳಿಗೆ ಹೊಟ್ಟು ಮೇವು ಎಲ್ಲಾ ಹೇರಬಹುದು. ಬಯಲಲ್ಲಿ ಅದು ನಡೆಯುತ್ತೆ. ಗಾಲಿಯ ಗುಣವೇ ಹಾಗೆ. ಚಕ್ಕಡಿ, ಮಂದಿ, ಸಾಮಾನು ಸೇರಿ 1000 ಕೆ.ಜಿ. ಅಂದುಕೊಳ್ಳೋಣ. ಗಾಲಿಯ ಉರುಳು ಘರ್ಷಣೆಯ ಗುಣಾಂಕ 0.04 ಅಂತ ಹಿಡಿದರೆ ಸಮತಟ್ಟು ರಸ್ತೆಯಲ್ಲಿ ಬೇಕಾಗುವ ಎಳೆತ 40 ಕೆ.ಜಿ. ತೂಕದಷ್ಟು ಮಾತ್ರ. ಎತ್ತು ತನ್ನ ತೂಕದ ಸುಮಾರು ಹತ್ತನೇ ಒಂದು ಭಾಗದಷ್ಟು ಎಳೆತವನ್ನು ತಾಸುಗಟ್ಟಲೆ ಕೊಡಬಲ್ಲದು ಅನ್ನೋದು ಸಾಮಾನ್ಯ ಲೆಕ್ಕ. ತಲಾ 350 ಕೆ.ಜಿ.ಯ ಒಂದು ಜೋಡಿ ಅಂದ್ರೆ 70. ಆರಾಮ.

ಆದರೆ ದಾಂಡೇಲಿ ದಾಟಿದ ಮೇಲೆ ಏರು ಶುರು. ಇಪ್ಪತ್ತು ಅಡಿ ಸಾಗಿದರೆ ಒಂದಡಿ ಮೇಲೇರುವ ದಾರಿ ಅಂದುಕೊಳ್ಳಿ. ಈಗ ಘರ್ಷಣೆಯ 40ರ ಜೊತೆಗೆ ಇಳಿಜಾರಿನ 50 ಸೇರುತ್ತೆ, ಒಟ್ಟು 90. ಜೋಡಿಯ ಶಕ್ತಿ ಮೀರಿತು. ಐದು ಜನ ಕೆಳಗಿಳಿದು ನಡೆದರೆ, ತಲೆಗೆ 60 ಕೆ.ಜಿ. ಹಿಡಿದರೂ 300 ಕೆ.ಜಿ. ಕಡಿಮೆ. ಉಳಿದ 700 ಕೆ.ಜಿ.ಗೆ ಬೇಕಾದ ಎಳೆತ 63. ಮತ್ತೆ 70ರ ಒಳಗೆ ಬಂತು!

ಏರು ಬಂದರೆ ಇಳಿದು ನಡೀರಿ ಅಂತ ಹಿರಿಯರು ಹೇಳೋದು ಬರೀ ಎತ್ತಿನ ಮೇಲಿನ ಕರುಣೆ ಅಲ್ಲ, ಪಕ್ಕಾ ಲೆಕ್ಕ. ಸಾಮಾನಿಗೆ ಮಾತ್ರ ಕಾಲಿಲ್ಲ, ಅದು ಇಳಿದು ನಡೆಯೋದಿಲ್ಲ. ಹಾಗಾಗಿ ಚಕ್ಕಡಿಗೆ ಒಂದು ಗಂಟು ಹೇರೋ ಮುಂಚೆ ಸಮತಟ್ಟು ರಸ್ತೆಯನ್ನು ನೋಡಬೇಡಿ, ದಾರಿಯ ಅತಿ ಕೆಟ್ಟ ಏರನ್ನು ನೆನೆಸಿಕೊಳ್ಳಿ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಡಿಸೈನ್ ಮಾಡೋದು ಸರಾಸರಿ ಲೋಡಿಗಲ್ಲ, ಗರಿಷ್ಠ ಲೋಡಿಗೆ.

ನಾವೇ ಹೊರುವಾಗ

ಶ್ರೀಶೈಲದ ದಾರಿಯಲ್ಲಿ ಚೀಲ ನಮ್ಮ ಬೆನ್ನ ಮೇಲೆ. ದಿನಕ್ಕೆ 30 ಕಿ.ಮೀ. ನಡೆದರೆ, ಒಂದು ಹೆಜ್ಜೆ 70 ಸೆಂ.ಮೀ. ಅಂತ ಹಿಡಿದರೆ, ಸುಮಾರು 43,000 ಹೆಜ್ಜೆ. ಒಂದು ಕೆ.ಜಿ. ಹೆಚ್ಚಿಗೆ ಇಟ್ಟುಕೊಂಡರೆ ಅದು ಅಷ್ಟು ಸಲ ನಮ್ಮ ಹಿಮ್ಮಡಿ ಮೇಲೆ ಬೀಳುತ್ತೆ, ಮರುದಿನ ಮತ್ತೆ ಅಷ್ಟೇ. ಬೊಬ್ಬೆ ಬರೋದು, ಮೊಣಕಾಲು ಹಿಡಿಯೋದು ಹೀಗೇ. ನಡಿಗೆಯ ರೂಢಿ ಇಲ್ಲದವರು ನಮ್ಮ ತೂಕದ ಹತ್ತನೇ ಒಂದು ಭಾಗದೊಳಗೆ ಚೀಲ ಇಟ್ಟುಕೊಂಡರೆ ಒಳ್ಳೇದು. 60 ಕೆ.ಜಿ. ಹುಡುಗನಿಗೆ ನೀರು ಸೇರಿ 6 ಕೆ.ಜಿ.

ತೂಕ ಎಷ್ಟು ಅನ್ನೋದರ ಜೊತೆಗೆ ಎಲ್ಲಿದೆ ಅನ್ನೋದೂ ಮುಖ್ಯ. 6 ಕೆ.ಜಿ. ಚೀಲದ ಗುರುತ್ವ ಕೇಂದ್ರ ಬೆನ್ನಿನಿಂದ 15 ಸೆಂ.ಮೀ. ದೂರ ಇದ್ದರೆ ಅದು ನಮ್ಮನ್ನು ಹಿಂದಕ್ಕೆ ಎಳೆಯುವ ಮೊಮೆಂಟ್ ಎಷ್ಟೋ, 30 ಸೆಂ.ಮೀ. ಇದ್ದರೆ ಅದರ ಎರಡು ಪಟ್ಟು. ಅದಕ್ಕೆ ನೀರಿನ ಬಾಟಲಿಯಂಥ ಭಾರದ ವಸ್ತು ಬೆನ್ನಿಗೆ ಹತ್ತಿ ಇರಲಿ, ಬಟ್ಟೆ ಹೊರಗಡೆ ಇರಲಿ. ಮಲ್ಲಯ್ಯನ ಕಂಬಿಯನ್ನು ಹೆಗಲ ಮೇಲೆ ಹೊತ್ತವರನ್ನು ಗಮನಿಸಿ, ತೂಕ ಎರಡೂ ಕಡೆ ಸಮ ಇರೋ ಹಾಗೆ ನೋಡ್ಕೋತಾರೆ. ಕಾಲಿನ ಭಾರವಂತೂ ಬೆನ್ನಿನ ಭಾರಕ್ಕಿಂತ ಹಲವು ಪಟ್ಟು ದುಬಾರಿ, ಯಾಕಂದ್ರೆ ಪ್ರತಿ ಹೆಜ್ಜೆಗೂ ಅದನ್ನು ಎತ್ತಿ ಬೀಸಬೇಕು. ದಪ್ಪ ಬೂಟಿಗಿಂತ ಪಳಗಿದ ಹಗುರ ಚಪ್ಪಲಿಯೋ ಶೂವೋ ವಾಸಿ. ಹೊಚ್ಚ ಹೊಸದನ್ನು ಮಾತ್ರ ಹಾಕ್ಕೊಂಡು ಹೊರಡಬೇಡಿ.

ಬುತ್ತಿಯ ವಿಜ್ಞಾನ

ನಮ್ಮ ಕಡೆ ದೂರದ ದಾರಿಗೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಕಟ್ಟೋದು ರೂಢಿ. ಕೆಡೋದಿಲ್ಲ ಅನ್ನೋದು ಒಂದು ಕಾರಣ. ಇನ್ನೊಂದು ಕಾರಣ ನೀರು. 100 ಗ್ರಾಂ ಅನ್ನದಲ್ಲಿ ಮೂರರಲ್ಲಿ ಎರಡು ಪಾಲು ನೀರೇ, ಸಿಗೋದು ಸುಮಾರು 130 ಕಿಲೋ ಕ್ಯಾಲರಿ. ಒಣಗಿದ ಖಡಕ್ ರೊಟ್ಟಿ ಜೋಳದ ಹಿಟ್ಟಿಗೆ ಹತ್ತಿರ, 330ರ ಆಸುಪಾಸು. ಶೇಂಗಾ 560ಕ್ಕೂ ಮೇಲೆ. ಅಂದ್ರೆ 1000 ಕಿಲೋ ಕ್ಯಾಲರಿ ಹೊರೋಕೆ ಅನ್ನವಾದರೆ 770 ಗ್ರಾಂ, ರೊಟ್ಟಿಯಾದರೆ 300, ಶೇಂಗಾ ಆದರೆ 180. ರೊಟ್ಟಿಯ ನೀರನ್ನು ಮನೆಯ ಹಂಚಿನ ಮೇಲೇ ಬಿಟ್ಟು ಬರ್ತೀವಿ, ಊಟದ ಹೊತ್ತಿಗೆ ನೀರು ದಾರಿಯಲ್ಲಿ ಸಿಗುತ್ತೆ.

ಬಟ್ಟೆ ಎರಡೇ ಜೊತೆ: ಒಂದು ಮೈಮೇಲೆ, ಒಂದು ಚೀಲದಲ್ಲಿ. ವಸ್ತಿ ಮಾಡಿದಲ್ಲಿ ಸಂಜೆ ಒಗೆದು ಹರವಿದರಾಯ್ತು. ಒಂದು ತೆಳು ವಲ್ಲಿ ಮೈ ಒರೆಸೋಕೂ ಆಗುತ್ತೆ, ತಲೆಗೆ ಸುತ್ತೋಕೂ ಆಗುತ್ತೆ, ಬುತ್ತಿ ಕಟ್ಟೋಕೂ ಆಗುತ್ತೆ. ದಪ್ಪ ಟರ್ಕಿ ಟವೆಲಿಗೆ ಆ ಯೋಗ್ಯತೆ ಇಲ್ಲ, ಒಣಗೋದೂ ಇಲ್ಲ. ನಾಲ್ಕು ಜನ ಒಟ್ಟಿಗೆ ಹೊರಟರೆ ಪವರ್ ಬ್ಯಾಂಕ್ ಒಂದು, ಪೇಸ್ಟ್ ಒಂದು, ಚಾಕು ಒಂದು ಸಾಕು.

ಇವನ್ನು ಬಿಡಬಾರದು

ಹಗುರ ಮಾಡ್ತೀವಿ ಅಂತ ಕತ್ತರಿ ಹಾಕಬಾರದ ಜಾಗಗಳೂ ಇವೆ. ಮೊದಲನೇದು ನೀರು. ಒಂದು ಲೀಟರ್ ಒಂದು ಕೆ.ಜಿ., ಚೀಲದಲ್ಲಿ ಅತಿ ಭಾರದ ವಸ್ತು ಅದೇ, ಆದ್ದರಿಂದ ಬಿಡೋ ಆಸೆ ಆಗುತ್ತೆ. ಯುಗಾದಿಯ ಮುಂಚಿನ ಬಿಸಿಲಲ್ಲಿ, ನಲ್ಲಮಲದ ಕಲ್ಲುದಾರಿಯಲ್ಲಿ ಆ ಆಸೆ ಜೀವಕ್ಕೇ ಕುತ್ತು. ಮುಂದಿನ ನೀರಿನ ಜಾಗ ಎಷ್ಟು ದೂರ ಅಂತ ಕೇಳಿ, ಅಲ್ಲಿ ತನಕ ಸಾಲುವಷ್ಟು ಇಟ್ಟುಕೊಳ್ಳಿ. ಒಂದು ಲೀಟರ್ ಕುಡಿಯುವ ನೀರಿಗೆ ಸಮ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಹಾಕಿದರೆ ಒಆರ್‌ಎಸ್ ಪುಡಿ ಇಲ್ಲದಾಗ ಅದೇ ಆಸರೆ. ಚಮಚ ಅಂದ್ರೆ ಚಹಾದ ಸಣ್ಣ ಚಮಚ. ಆಮೇಲೆ ದಿನಾ ತಗೊಳ್ಳೋ ಮಾತ್ರೆ, ಬೊಬ್ಬೆಗೆ ಪಟ್ಟಿ, ಟಾರ್ಚು, ಗುರುತಿನ ಚೀಟಿ.

ತೂಕದ ಲೆಕ್ಕಕ್ಕೆ ಸಿಗದ ವಸ್ತುಗಳೂ ಇವೆ. ಶ್ರೀಶೈಲದ ಭ್ರಮರಾಂಬೆಯನ್ನು ತಮ್ಮ ಮನೆಮಗಳು ಅಂತ ಭಾವಿಸಿ, ಸೀರೆ, ಅರಿಷಿಣ, ಕುಂಕುಮ ಒಯ್ಯುವವರು ಉತ್ತರ ಕರ್ನಾಟಕದಲ್ಲಿ ಇದ್ದಾರೆ. ಎರಡನೇ ಅಂಗಿ ಬಿಟ್ಟಾರು, ಮಗಳ ಸೀರೆ ಬಿಡೋದಿಲ್ಲ. ಅದು ಸರಿಯೇ. ಆ ಸೀರೆಗೆ ಜಾಗ ಆಗಲಿ ಅಂತಲೇ ಉಳಿದದ್ದನ್ನು ಕಡಿಮೆ ಮಾಡಬೇಕು.

ಇನ್ನೊಂದು ಮಾತು. ಅಡುಗೆ ಪಾತ್ರೆ, ಅಕ್ಕಿ, ಹಾಸಿಗೆ ಇಲ್ಲದೆ ಎರಡು ವಾರ ನಡೆಯೋಕೆ ಆಗೋದು ದಾರಿಯ ಊರುಗಳು ದಾಸೋಹ ಮಾಡೋದರಿಂದ. ನಮ್ಮ ಬೆನ್ನಿಂದ ಇಳಿದ ಭಾರವನ್ನು ಯಾರೋ ಒಲೆ ಮುಂದೆ ಕೂತು ಹೊತ್ತಿರ್ತಾರೆ. ಖಡಕ್ ರೊಟ್ಟಿಗೂ ಇದೇ ಮಾತು, ಬಡಿದವರ ರಟ್ಟೆ ನೋವು ನಮ್ಮ ತಕ್ಕಡಿಯಲ್ಲಿ ಕಾಣಿಸೋದಿಲ್ಲ. ಉಂಡ ಕಡೆ ನೀರು ತರೋಕೆ, ನೆಲ ಗುಡಿಸೋಕೆ ಕೈ ಹಚ್ಚಿ. ಖಾಲಿ ಪ್ಲಾಸ್ಟಿಕ್ ಬಾಟಲಿಯ ತೂಕ ಕೆಲವೇ ಗ್ರಾಂ, ಅದನ್ನು ಹುಲಿ ಇರೋ ಕಾಡಲ್ಲಿ ಎಸೆದು ಚೀಲ ಹಗುರ ಮಾಡ್ಕೋಬೇಡಿ.

ಈ ವಾರ ಒಂದು ಕೆಲಸ ಮಾಡಿ. ಹೊರಡೋ ಚೀಲವನ್ನು ಪೂರ್ತಿ ತುಂಬಿ, ಮೆಸ್ಸಿನ ತಕ್ಕಡಿ ಮೇಲೆ ಇಟ್ಟು ನೋಡಿ. ಅದನ್ನೇ ಹೊತ್ತು ಭಾನುವಾರ ಬೆಳಿಗ್ಗೆ 10 ಕಿ.ಮೀ. ನಡೆದು ಬನ್ನಿ. ವಾಪಸ್ ಬಂದ ಮೇಲೆ ಏನೇನು ತೆಗೀಬೇಕು ಅಂತ ನಿಮ್ಮ ಹೆಗಲೇ ಪಟ್ಟಿ ಮಾಡಿ ಕೊಡುತ್ತೆ. ಉಳವಿಗೆ ಹೊರಡೋರು ಚಕ್ಕಡಿಯಲ್ಲಿ ಜಾಗ ಕೇಳೋ ಮುಂಚೆ ಆ ಪಟ್ಟಿ ತಯಾರಿರಲಿ.