ರೈಡಿಂಗ್ ಜಾಕೆಟ್: ಅಳತೆ ತಪ್ಪಿದರೆ ರಕ್ಷಣೆಯೂ ತಪ್ಪಿತು

ಮಹಿಳೆಯರ ರೈಡಿಂಗ್ ಜಾಕೆಟ್ ಬೇಕೆಂದು ಅಂಗಡಿಗೆ ಹೋದರೆ ಇವತ್ತಿಗೂ ಹಲವೆಡೆ ಸಿಗುವ ಉತ್ತರ ಇದು: “ಇದರಲ್ಲೇ ಸ್ಮಾಲ್ ಸೈಜ್ ಇದೆ, ನೋಡಿ ಮೇಡಂ.” ಗಂಡಸರ ಜಾಕೆಟ್ಟಿನ ಸಣ್ಣ ಸೈಜೇ ಹೆಂಗಸರ ಜಾಕೆಟ್ಟು ಎಂಬ ಈ ನಂಬಿಕೆ ಸಣ್ಣ ತಪ್ಪಲ್ಲ. ಗಂಡಸರ ಅಳತೆಗೆ ಕತ್ತರಿಸಿದ ಜಾಕೆಟ್ ಅನೇಕ ಹೆಂಗಸರಿಗೆ ಭುಜದಲ್ಲಿ ದೊಗಳೆ, ಸೊಂಟದಲ್ಲಿ ಬಿಗಿ, ತೋಳು ಉದ್ದ. ಭುಜದ ಪ್ಯಾಡ್ ತೋಳಿಗೆ ಇಳಿಯುತ್ತದೆ, ಮೊಣಕೈ ಪ್ಯಾಡ್ ಮುಂಗೈಗೆ ಜಾರುತ್ತದೆ. ಬಿದ್ದಾಗ ರಸ್ತೆಗೆ ಮೊದಲು ತಾಗುವ ಮೂಳೆಯ ಮೇಲೆ ಪ್ಯಾಡ್ ಇಲ್ಲದಿದ್ದರೆ, ಅದಕ್ಕೆ ಕೊಟ್ಟ ಹಣವೆಲ್ಲ ದಂಡ.

ಕನ್ನಡಿ ಮುಂದೆ ನೆಟ್ಟಗೆ ನಿಂತು ನೋಡಿದರೆ ಇದು ತಿಳಿಯುವುದಿಲ್ಲ. ಜಾಕೆಟ್ಟಿನ ಜಿಪ್ ಪೂರ್ತಿ ಎಳೆದು, ತಮ್ಮದೇ ಗಾಡಿಯ ಮೇಲೆ ಕೂತು ಹ್ಯಾಂಡಲ್ ಹಿಡಿಯಬೇಕು. ಆಗ ಇನ್ನೊಂದು ಕೈಯಿಂದ ಮೊಣಕೈ ಪ್ಯಾಡನ್ನು ಹಿಡಿದು ತಿರುಗಿಸಿ ನೋಡಬೇಕು. ಅದು ಸಲೀಸಾಗಿ ಪಕ್ಕಕ್ಕೆ ಹೊರಳಿದರೆ ಆ ಜಾಕೆಟ್ ಬೇಡ. ಮುಂದಕ್ಕೆ ಬಾಗಿದಾಗ ಸೊಂಟದ ಹಿಂದೆ ಮೈ ಕಾಣುತ್ತದೆಯೇ ಎಂದೂ ಗಮನಿಸಬೇಕು. ಪ್ಯಾಂಟಿನ ಮಂಡಿ ಪ್ಯಾಡನ್ನಂತೂ ಕೂತೇ ನೋಡಬೇಕು; ನಿಂತಾಗ ಮಂಡಿ ಮೇಲಿರುವುದು ಕೂತಾಗ ಬೇರೆಡೆ ಸರಿದಿರುತ್ತದೆ.

“ಪ್ಯಾಡ್ ಇದೆಯಲ್ಲ, ಸಾಕು” ಎನ್ನುವುದೂ ಅಷ್ಟೇ ಅಪಾಯದ ಮಾತು. ಕೈಕಾಲುಗಳ ಪ್ಯಾಡ್‌ಗೆ ಯುರೋಪಿನ ಇಎನ್ 1621-1 ಎಂಬ ಮಾನದಂಡವಿದೆ. 50 ಜೌಲ್ ಶಕ್ತಿಯ ಪೆಟ್ಟು ಕೊಟ್ಟಾಗ ಒಳಗೆ ದಾಟುವ ಬಲ ಸರಾಸರಿ 35 ಕಿಲೋನ್ಯೂಟನ್ ಮೀರದಿದ್ದರೆ ಲೆವೆಲ್ 1, 20 ಮೀರದಿದ್ದರೆ ಲೆವೆಲ್ 2. ಪ್ಯಾಡ್ ಹೊರತೆಗೆದು ನೋಡಿದರೆ ಮಾನದಂಡದ ಸಂಖ್ಯೆ, ಲೆವೆಲ್ ಅದರ ಮೇಲೇ ಅಚ್ಚಾಗಿರುತ್ತದೆ. ಬೆನ್ನಿನ ಜೇಬಿನಲ್ಲಿ ಮಾತ್ರ ಎಷ್ಟೋ ಜಾಕೆಟ್‌ಗಳಲ್ಲಿ ಬರೀ ಸ್ಪಂಜಿನ ಹಾಳೆ ಇರುತ್ತದೆ. ಬೆನ್ನಿನ ಪ್ಯಾಡನ್ನು ಬೇರೆಯಾಗಿಯೇ ಕೊಳ್ಳಬೇಕಾಗುತ್ತದೆ, ಅದರ ಮೇಲೆ ಇಎನ್ 1621-2 ಎಂದಿರಬೇಕು.

ಬಟ್ಟೆಯ ಗಟ್ಟಿತನಕ್ಕೆ ಇನ್ನೊಂದು ಗುರುತು: ಎಎಎ, ಎಎ, ಎ ಎಂಬ ದರ್ಜೆಗಳು. ಎಎಎ ಎಲ್ಲಕ್ಕಿಂತ ಮೇಲು. ಮಾಮೂಲಿ ಜೀನ್ಸ್ ಈ ಲೆಕ್ಕಕ್ಕೇ ಬರುವುದಿಲ್ಲ. ವೇಗದಲ್ಲಿ ಡಾಂಬರಿಗೆ ಉಜ್ಜಿದರೆ ಅದು ಕ್ಷಣಮಾತ್ರದಲ್ಲಿ ಹರಿದುಹೋಗುತ್ತದೆ. ಆದರೂ “ಜೀನ್ಸ್ ದಪ್ಪ ಇದೆ” ಎಂಬ ಧೈರ್ಯ ಎಲ್ಲೆಲ್ಲೂ ಇದೆ. ಆಸ್ಟ್ರೇಲಿಯಾದ ಕ್ಯಾನ್‌ಬೆರಾ ಸುತ್ತ ಅಪಘಾತಕ್ಕೀಡಾದ 212 ಸವಾರರನ್ನು ಅಧ್ಯಯನ ಮಾಡಿ 2011ರಲ್ಲಿ ಪ್ರಕಟಿಸಿದ ವರದಿ ಹೇಳುವಂತೆ, ರೈಡಿಂಗ್ ಪ್ಯಾಂಟ್ ತೊಟ್ಟಿದ್ದವರು ಆಸ್ಪತ್ರೆಗೆ ದಾಖಲಾಗುವ ಸಾಧ್ಯತೆ ಸುಮಾರು ಅರ್ಧಕ್ಕೆ ಇಳಿದಿತ್ತು, ಗ್ಲೌಸ್ ತೊಟ್ಟವರಲ್ಲಿ ಇನ್ನೂ ಕಡಿಮೆ. ಅದೇ ವರದಿಯಲ್ಲಿ ಎಚ್ಚರಿಕೆಯೂ ಇದೆ: ಜಾಕೆಟ್‌ಗಳಲ್ಲಿ ಹೆಚ್ಚುಕಡಿಮೆ ಶೇಕಡಾ 30ರಷ್ಟು ಹರಿದೋ ಸವೆದೋ ಕೈಕೊಟ್ಟಿದ್ದವು. ರೈಡಿಂಗ್ ಜಾಕೆಟ್ ಎಂದು ಬರೆದಿದ್ದ ಮಾತ್ರಕ್ಕೆ ನಂಬುವಂತಿಲ್ಲ, ಒಳಗಿನ ಲೇಬಲ್ ಓದಲೇಬೇಕು.

ಇನ್ನು ಹೆಲ್ಮೆಟ್. “ಹಾಕಿದರೆ ಕೂದಲು ಉದುರುತ್ತದೆ” ಎಂಬ ಮಾತು ಕಾಲೇಜು ಹುಡುಗಿಯರಿಂದ ಹಿಡಿದು ಕಚೇರಿಗೆ ಹೋಗುವವರವರೆಗೆ ಎಲ್ಲರ ಬಾಯಲ್ಲೂ ಇದೆ. ಹೆಲ್ಮೆಟ್ ಕೂದಲಿನ ಬೇರನ್ನು ಕೊಲ್ಲುವುದಿಲ್ಲ. ಬೆವರು, ಹೆಲ್ಮೆಟ್ಟಿನ ತೊಳೆಯದ ಒಳಮೆತ್ತೆ ತಲೆಹೊಟ್ಟನ್ನು ಹೆಚ್ಚಿಸಬಹುದು. ದಿನಾ ಬಿಗಿಯಾಗಿ ಎಳೆದು ಕಟ್ಟುವ ಜುಟ್ಟು ಬೇರನ್ನು ಜಗ್ಗುತ್ತದೆ. ತೆಳು ಹತ್ತಿ ಟೋಪಿ, ಕತ್ತಿನ ಬಳಿ ಸಡಿಲ ಜಡೆ, ಇಷ್ಟು ಮಾಡಿದರೆ ಆಯಿತು. ತುರುಬು, ಕ್ಲಚರ್ ಮಾತ್ರ ಖಂಡಿತ ಬೇಡ: ಹೆಲ್ಮೆಟ್ ಮೇಲೆದ್ದು ಕೂರುತ್ತದೆ, ಬಿದ್ದಾಗ ಕ್ಲಚರ್ ನೆತ್ತಿಗೇ ಒತ್ತುತ್ತದೆ. ಸ್ಟ್ರಾಪ್ ಬಿಗಿದು ತಲೆ ಬಗ್ಗಿಸಿ, ಹಿಂದಿನಿಂದ ಯಾರಾದರೂ ಮೇಲಕ್ಕೆ ತಳ್ಳಿದರೂ ಕಳಚಿ ಬರದಿದ್ದರೆ ಆ ಹೆಲ್ಮೆಟ್ ಸರಿ. ಹಗುರವೆಂದು ಹೆಂಗಸರು ಆರಿಸುವ ಹಾಫ್ ಹೆಲ್ಮೆಟ್ ಗಲ್ಲ, ದವಡೆಯನ್ನು ಮುಟ್ಟುವುದೂ ಇಲ್ಲ.

ಹಿಂದೆ ಕೂತವರ ವಿಷಯದಲ್ಲಿ ಉದಾಸೀನ ಇನ್ನೂ ಹೆಚ್ಚು, ಮನಸ್ಸಿಗೆ ನೋವಾಗುವಷ್ಟು. ಗಂಡ ಹೆಲ್ಮೆಟ್ ಹಾಕಿರುತ್ತಾನೆ, ಹಿಂದೆ ಮಗು ಹಿಡಿದು ಒಂದೇ ಬದಿಗೆ ಕಾಲು ಹಾಕಿ ಕೂತ ಹೆಂಡತಿಯ ತಲೆ ಬರಿದು. ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕದಂತೆ 2022ರಲ್ಲಿ ಹೆಲ್ಮೆಟ್ ಇಲ್ಲದೆ ಸತ್ತ 50,029 ಮಂದಿಯಲ್ಲಿ 14,337 ಮಂದಿ ಹಿಂಬದಿ ಸವಾರರು. ಕರ್ನಾಟಕದಲ್ಲಿ 2016ರ ಜನವರಿಯಿಂದ ಹಿಂಬದಿ ಸವಾರರಿಗೂ ಹೆಲ್ಮೆಟ್ ಕಡ್ಡಾಯ. ಹಿಂದಿನ ಚಕ್ರದ ಅರ್ಧದಷ್ಟಾದರೂ ಮುಚ್ಚುವ ಸೀರೆ ಗಾರ್ಡ್ ಇರಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮ ಹೇಳುತ್ತದೆ. ಅಂದಕ್ಕೆಂದು ಅದನ್ನು ಬಿಚ್ಚಿಸಿದ ಗಾಡಿಯಲ್ಲಿ ಸೆರಗೋ ವೇಲೋ ಚಕ್ರಕ್ಕೆ ಸುತ್ತಿಕೊಂಡರೆ ಕತ್ತಿಗೇ ಉರುಳಾಗುತ್ತದೆ. ವೇಲನ್ನು ಜಾಕೆಟ್ಟಿನೊಳಗೆ ಸೇರಿಸಿ ಜಿಪ್ ಎಳೆಯುವುದೇ ಕ್ಷೇಮ.

ಸೆಕೆಯಲ್ಲಿ ಜಾಕೆಟ್ ತೊಡುವುದು ಹೇಗೆ ಎನ್ನುವವರಿಗೆ ಮೆಶ್ ಜಾಕೆಟ್ ಇದೆ. ಎದೆ ಬೆನ್ನಿಗೆ ಜಾಳಿಗೆ, ಭುಜ ಮೊಣಕೈಗೆ ಗಟ್ಟಿ ಬಟ್ಟೆ.

“ಒಗೆದರೆ ಜಾಕೆಟ್ ಹಾಳಾಗುತ್ತದೆ” ಎಂದು ವರ್ಷಗಟ್ಟಲೆ ಬೆವರಲ್ಲೇ ಬಿಡುವವರಿದ್ದಾರೆ. ಬಟ್ಟೆಯ ಜಾಕೆಟ್ಟನ್ನು ಪ್ಯಾಡ್‌ಗಳನ್ನೆಲ್ಲ ತೆಗೆದು, ಜಿಪ್ ಹಾಕಿ, ಸೌಮ್ಯ ಸೋಪಿನ ನೀರಲ್ಲಿ ಕೈಯಿಂದ ಒಗೆದು, ಹಿಂಡದೆ ನೆರಳಲ್ಲಿ ಹರವಬಹುದು. ಬ್ಲೀಚ್ ಮತ್ತು ಕಂಫರ್ಟ್‌ನಂಥ ದ್ರವ ಬೇಡ; ಮೊದಲನೆಯದು ನೂಲನ್ನು ಕೊಲ್ಲುತ್ತದೆ, ಎರಡನೆಯದು ಮಳೆನೀರು ತಡೆಯುವ ಪದರವನ್ನು ಕೆಡಿಸುತ್ತದೆ. ಚರ್ಮದ್ದನ್ನು ನೀರಿಗೆ ಹಾಕುವಂತಿಲ್ಲ, ಒದ್ದೆ ಬಟ್ಟೆಯಲ್ಲಿ ಒರೆಸಿ ಕಂಡಿಷನರ್ ಸವರಬೇಕು. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟ ಚರ್ಮಕ್ಕೆ ಬೂಷ್ಟು ಹಿಡಿಯುವುದು ಖಚಿತ; ಗಾಳಿಯಾಡುವ ಕಡೆ ಅಗಲ ಹ್ಯಾಂಗರಿಗೆ ತೂಗುಹಾಕಬೇಕು.

ಒಮ್ಮೆ ಬಲವಾಗಿ ಪೆಟ್ಟು ತಿಂದ ಹೆಲ್ಮೆಟ್ಟನ್ನು ಹೊರಗೆ ಗೀರು ಕಾಣದಿದ್ದರೂ ಬದಲಿಸಬೇಕು, ಏಕೆಂದರೆ ಒಳಗಿನ ಥರ್ಮೊಕೋಲ್ ಪದರ ಒಮ್ಮೆ ಅಮುಕಿದರೆ ಮತ್ತೆ ಉಬ್ಬುವುದಿಲ್ಲ. ಜಾಕೆಟ್ಟಾದರೆ ಬಿದ್ದ ಮೇಲೆ ಹೊಲಿಗೆಗಳನ್ನು ಒಂದೊಂದಾಗಿ ಬೆರಳಿಂದ ಜಗ್ಗಿ ನೋಡಬೇಕು. ಬಿಟ್ಟಿದ್ದರೆ ಸಾಧಾರಣ ಹತ್ತಿ ದಾರ ನಿಲ್ಲುವುದಿಲ್ಲ. ಗಟ್ಟಿ ನೈಲಾನ್ ದಾರದಲ್ಲಿ ಎರಡು ಸಾಲು ಹೊಲಿಸಿಕೊಂಡ ಮೇಲೆಯೇ ಅದನ್ನು ಮತ್ತೆ ತೊಡಬೇಕು.