ಒಂದು ಸಾಧನ, ಮೂರು ಸಂಖ್ಯೆ: ಬ್ಯಾಕ್‌ನೆಟ್ ವಿಳಾಸದ ಸುತ್ತ ತಪ್ಪು ಕಲ್ಪನೆ ಮತ್ತು ಸತ್ಯ

ದೊಡ್ಡ ಕಟ್ಟಡದ ಚಿಲ್ಲರ್, ಎಎಚ್‌ಯು, ಪಂಪ್‌ಗಳ ಕಂಟ್ರೋಲರ್‌ಗಳು ಬೇರೆ ಬೇರೆ ಕಂಪನಿಯವಾದರೂ ಒಂದರ ಮಾತು ಇನ್ನೊಂದಕ್ಕೆ ತಿಳಿಯುವಂತೆ ಮಾಡುವ ಸಂವಹನ ನಿಯಮಾವಳಿಯೇ ಬ್ಯಾಕ್‌ನೆಟ್. ಅಮೆರಿಕದ ಆಶ್ರೇ ಸಂಸ್ಥೆ 1987ರಲ್ಲಿ ಇದರ ಕೆಲಸ ಆರಂಭಿಸಿ 1995ರಲ್ಲಿ ಮಾನಕವಾಗಿ ಪ್ರಕಟಿಸಿತು. 2003ರಲ್ಲಿ ಇದು ಐಎಸ್‌ಒ ಮಾನಕವೂ ಆಯಿತು. ಕಟ್ಟಡ ನಿಯಂತ್ರಣ ಜಾಲದಲ್ಲಿ ಕಾಡುವ ಹಲವು ತೊಂದರೆಗಳ ಮೂಲ ಕೇಬಲ್‌ನಲ್ಲಿರುವುದಿಲ್ಲ, ವಿಳಾಸದ ಬಗೆಗಿನ ತಪ್ಪು ತಿಳಿವಳಿಕೆಯಲ್ಲಿರುತ್ತದೆ.

ಕಂಟ್ರೋಲರ್‌ನ ಡಿಪ್ ಸ್ವಿಚ್‌ನಲ್ಲಿ 12 ಎಂದು ಇಟ್ಟರೆ ವಿಳಾಸದ ಕೆಲಸ ಮುಗಿಯಿತು ಎಂಬುದು ಮೊದಲ ತಪ್ಪು ಕಲ್ಪನೆ. ಆ 12 ಬರೀ ಮ್ಯಾಕ್ ವಿಳಾಸ, ಬೀದಿಯೊಂದರ ಮನೆ ನಂಬರಿನಂತೆ. ಪಕ್ಕದ ಬೀದಿಯಲ್ಲೂ 12ನೇ ಮನೆ ಇದ್ದರೆ ತೊಂದರೆಯಿಲ್ಲ. ಬೀದಿಯನ್ನು ಗುರುತಿಸುವುದು ನೆಟ್‌ವರ್ಕ್ ಸಂಖ್ಯೆ; ಅದು 1ರಿಂದ 65534ರವರೆಗೆ ಇರಬಹುದು. ಮೂರನೆಯದು ಡಿವೈಸ್ ಇನ್‌ಸ್ಟನ್ಸ್. ಇದು ಆಧಾರ್ ಸಂಖ್ಯೆಯಂತೆ: ಸಾಧನ ಯಾವ ಬೀದಿಯಲ್ಲಿದ್ದರೂ ಇಡೀ ಜಾಲದಲ್ಲಿ ಆ ಸಂಖ್ಯೆ ಅದೊಂದಕ್ಕೇ ಇರಬೇಕು. 0ರಿಂದ 4194302ರವರೆಗೆ ಯಾವುದನ್ನಾದರೂ ಕೊಡಬಹುದು.

ಡಿವೈಸ್ ಇನ್‌ಸ್ಟನ್ಸ್ ಒಂದೇ ಕೇಬಲ್‌ನೊಳಗೆ ಬೇರೆಯಾಗಿದ್ದರೆ ಸಾಕು ಎಂದು ನಂಬುವವರೂ ಇದ್ದಾರೆ. ಎಲ್ಲಕ್ಕಿಂತ ಅಪಾಯಕಾರಿ ನಂಬಿಕೆ ಇದೇ. ಕೇಂದ್ರ ಕಂಪ್ಯೂಟರ್ ‘ಹೂ-ಈಸ್’ ಸಂದೇಶ ಕಳಿಸಿ ಒಂದು ಸಂಖ್ಯೆಯನ್ನು ಹುಡುಕಿದಾಗ, ಆ ಸಂಖ್ಯೆ ಹೊತ್ತ ಎರಡು ಸಾಧನಗಳೂ ‘ಐ-ಆಮ್’ ಎಂದು ಉತ್ತರಿಸುತ್ತವೆ. ಕಂಪ್ಯೂಟರ್ ಇಂದು ಒಂದನ್ನು ಹಿಡಿದುಕೊಂಡರೆ ನಾಳೆ ಇನ್ನೊಂದನ್ನು ಹಿಡಿದುಕೊಳ್ಳಬಹುದು. ಆಗ ಎರಡನೇ ಮಹಡಿಯ ತಾಪಮಾನವೆಂದು ಪರದೆ ತೋರಿಸುವ ಅಂಕಿ ಏಳನೇ ಮಹಡಿಯದಾಗಿರುತ್ತದೆ. ಸಾಧನದ ಸಂಪರ್ಕ ಕಡಿದರೆ ಕೇಂದ್ರ ಕಂಪ್ಯೂಟರ್ ಅಲಾರಂ ಕೊಟ್ಟು ತಿಳಿಸುತ್ತದೆ. ಇಲ್ಲಿ ಅಲಾರಂ ಕೂಡ ಬಾರದಿರಬಹುದು. ಇದನ್ನು ತಪ್ಪಿಸಲು ರೂಢಿಯಲ್ಲಿರುವ ಉಪಾಯವೆಂದರೆ ನೆಟ್‌ವರ್ಕ್ ಸಂಖ್ಯೆಯ ಮುಂದೆ ಮ್ಯಾಕ್ ವಿಳಾಸವನ್ನು ಮೂರು ಅಂಕಿಗಳಲ್ಲಿ ಬರೆಯುವುದು: ನೆಟ್‌ವರ್ಕ್ 1203, ಮ್ಯಾಕ್ 7 ಆದರೆ ಇನ್‌ಸ್ಟನ್ಸ್ 1203007. ನೆಟ್‌ವರ್ಕ್ ಸಂಖ್ಯೆ 4194 ದಾಟದಿದ್ದರೆ ಈ ಲೆಕ್ಕ ಮಿತಿಯೊಳಗೇ ಉಳಿಯುತ್ತದೆ. ಸಂಖ್ಯೆ ನೋಡಿದೊಡನೆ ಸಾಧನ ಎಲ್ಲಿದೆ ಎಂದೂ ತಿಳಿಯುತ್ತದೆ.

‘ಮ್ಯಾಕ್ಸ್ ಮಾಸ್ಟರ್’ ಎಂಬ ಗುಣವನ್ನು ಸಾಧನಗಳ ಎಣಿಕೆ ಎಂದು ತಿಳಿಯುವುದೂ ಸಾಮಾನ್ಯ. ಎರಡು ತಂತಿಗಳ ಎಂಎಸ್/ಟಿಪಿ ಸಾಲಿನಲ್ಲಿ ಟೋಕನ್ ಒಂದು ಮಾಸ್ಟರ್‌ನಿಂದ ಮತ್ತೊಂದಕ್ಕೆ ಸಾಗುತ್ತದೆ. ಟೋಕನ್ ಕೈಯಲ್ಲಿದ್ದವರಿಗಷ್ಟೇ ತಾವಾಗಿ ಮಾತು ಆರಂಭಿಸುವ ಹಕ್ಕು. ಪ್ರತಿ ಮಾಸ್ಟರ್ ತನ್ನ ವಿಳಾಸಕ್ಕೂ ಮುಂದಿನವರ ವಿಳಾಸಕ್ಕೂ ನಡುವೆ ಹೊಸಬರಿದ್ದಾರೆಯೇ ಎಂದು ಆಗಾಗ ಕೇಳುತ್ತದೆ. ಅತಿ ದೊಡ್ಡ ವಿಳಾಸದ ಸಾಧನ ಮ್ಯಾಕ್ಸ್ ಮಾಸ್ಟರ್ ತಲುಪುವವರೆಗೆ ಕೇಳಿ, ಅಲ್ಲಿಂದ ಸೊನ್ನೆಗೆ ಮರಳುತ್ತದೆ. ಅಂದರೆ ಈ ಸಂಖ್ಯೆ ಹುಡುಕಾಟದ ಗಡಿ. ಸಾಲಿನಲ್ಲಿ 20 ಸಾಧನಗಳಿವೆ ಎಂದು ಎಲ್ಲದರಲ್ಲೂ 20 ಎಂದು ಬರೆದು, ಒಂದಕ್ಕೆ ಮಾತ್ರ 45ನೇ ವಿಳಾಸ ಕೊಟ್ಟರೆ ಅದನ್ನು ಯಾರೂ ಕೇಳುವುದೇ ಇಲ್ಲ. ಅದರ ದೀಪ ಉರಿಯುತ್ತಿರುತ್ತದೆ, ತಂತಿಯೂ ಸರಿಯಿರುತ್ತದೆ, ಆದರೆ ಟೋಕನ್ ಸಿಗದೆ ಅದು ‘ಐ-ಆಮ್’ ಎನ್ನಲಾರದು. ಇಂಥ ಕಡೆ ಕೇಬಲ್ ಬದಲಿಸಿ ಪ್ರಯೋಜನವಿಲ್ಲ. ಮಾಸ್ಟರ್‌ಗಳ ವಿಳಾಸ 0ರಿಂದ 127ರೊಳಗೆ ಇರಬೇಕಾದ್ದರಿಂದ 127 ಎಂದು ಬಿಡುವುದು ಸುರಕ್ಷಿತ. ಗಡಿ ಇಳಿಸಿದರೆ ವ್ಯರ್ಥ ಹುಡುಕಾಟ ತಗ್ಗುತ್ತದೆ, ನಿಜ. ಆದರೆ ವಿಳಾಸಗಳನ್ನು ಬಿಡುವಿಲ್ಲದೆ ಸರಣಿಯಾಗಿ ಕೊಟ್ಟಿದ್ದಾಗ ಮಾತ್ರ ಹಾಗೆ ಮಾಡುವುದು ಲೇಸು.

ಐಪಿ ಜಾಲದಲ್ಲಿ ಪಿಂಗ್‌ಗೆ ಉತ್ತರ ಬಂದರೆ ಬ್ಯಾಕ್‌ನೆಟ್ ಹುಡುಕಾಟದಲ್ಲೂ ಸಾಧನ ಕಾಣಬೇಕು ಎಂಬುದು ಇನ್ನೊಂದು ನಂಬಿಕೆ. ‘ಹೂ-ಈಸ್’ ಸಾಮಾನ್ಯವಾಗಿ ಎಲ್ಲರಿಗೂ ಕೇಳುವಂತೆ ಹೊರಡುವ ಬ್ರಾಡ್‌ಕಾಸ್ಟ್. ಐಪಿ ರೂಟರ್‌ಗಳು ಅದನ್ನು ಆಚೆಗೆ ಬಿಡುವುದಿಲ್ಲ. ಅದನ್ನು ದಾಟಿಸಲು ಬಿಬಿಎಂಡಿ ಎಂಬ ಸಾಧನ ಬೇಕು; ಪ್ರತಿ ಸಬ್‌ನೆಟ್‌ಗೆ ಒಂದು ಸಾಕು. ಒಂದೇ ಸಬ್‌ನೆಟ್‌ನಲ್ಲಿ ಎರಡನ್ನಿಟ್ಟರೆ ಒಂದೇ ಸಂದೇಶ ಮತ್ತೆ ಮತ್ತೆ ಹರಡಿ ಜಾಲವನ್ನೇ ಮುಳುಗಿಸಬಹುದು.

ಔಟ್‌ಪುಟ್‌ಗೆ ಬರೆದ ಮೌಲ್ಯವೇ ಜಾರಿಗೆ ಬರುತ್ತದೆ ಎಂಬುದೂ ಅರ್ಧಸತ್ಯ. ಆಜ್ಞೆಗಳಿಗೆ 16 ಆದ್ಯತಾ ಹಂತಗಳಿವೆ. 1 ಎಲ್ಲಕ್ಕಿಂತ ಮೇಲು. 8ನೇ ಹಂತ ಆಪರೇಟರ್ ಕೈಯಾರೆ ಕೊಡುವ ಆಜ್ಞೆಯದು. ಫ್ಯಾನ್ ನಿಲ್ಲಿಸಲು ಅಲ್ಲಿ ಬರೆದ ಆಜ್ಞೆಯನ್ನು ತೆಗೆಯದಿದ್ದರೆ, 16ನೇ ಹಂತದಲ್ಲಿ ವೇಳಾಪಟ್ಟಿ ಎಷ್ಟು ಬಾರಿ ‘ಚಾಲೂ’ ಎಂದರೂ ಫ್ಯಾನ್ ತಿರುಗದು. 8ನೇ ಹಂತದಲ್ಲಿ ಸೊನ್ನೆ ಬರೆದರೆ ಬಿಡುಗಡೆ ಸಿಗುವುದಿಲ್ಲ, ಸೊನ್ನೆಯೂ ಒಂದು ಆಜ್ಞೆಯೇ. ‘ನಲ್’ ಬರೆದಾಗಲೇ ಆ ಹಂತ ಖಾಲಿಯಾಗಿ ಕೆಳಗಿನ ಆಜ್ಞೆಗೆ ದಾರಿ ಸಿಗುತ್ತದೆ. ಹದಿನಾರೂ ಹಂತಗಳು ಖಾಲಿಯಾದರೆ ‘ರಿಲಿಂಕ್ವಿಶ್ ಡಿಫಾಲ್ಟ್’ ಎಂಬ ಗುಣದಲ್ಲಿ ಬರೆದಿಟ್ಟ ಮೌಲ್ಯ ಜಾರಿಗೆ ಬರುತ್ತದೆ.